ನೆಲ್ಲಿಗಾನ್‌ನ ‘ಚಳಿಗಾಲದ ಸಂಜೆ’: ಅನುವಾದಕ್ಕೆ ಕೂರುವವರಿಗೆ ಒಂದು ಟಿಪ್ಪಣಿ

ಕವಿ ಎಮಿಲ್ ನೆಲ್ಲಿಗಾನ್ ಬರೆದದ್ದು ಫ್ರೆಂಚಿನಲ್ಲಿ, ಆದರೆ ಅವನು ಫ್ರಾನ್ಸಿನವನಲ್ಲ. ಹುಟ್ಟಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ, 1879ರ ಡಿಸೆಂಬರ್ 24ರಂದು. ಅಪ್ಪ ಐರಿಶ್ ಮೂಲದವರು, ಅಂಚೆ ಇಲಾಖೆಯಲ್ಲಿ ಕೆಲಸ. ಅಮ್ಮ ಕೆಬೆಕ್‌ನ ಫ್ರೆಂಚ್ ಮನೆತನದವರು. ಫ್ರೆಂಚ್ ಕವಿಗಳಾದ ಬೋದಿಲೇರ್, ವೆರ್ಲೇನ್ ಅವರನ್ನು ಓದಿಕೊಂಡು ಬೆಳೆದ ಹುಡುಗ. ಬೋದಿಲೇರ್ ನಮಗೆ ಲಂಕೇಶರ ಅನುವಾದದಿಂದ ಪರಿಚಯ ಇದ್ದಾನೆ, ಹಾಗಾಗಿ ನೆಲ್ಲಿಗಾನ್‌ನ ಲೋಕ ನಮಗೆ ಪೂರ್ತಿ ಹೊಸದೇನಲ್ಲ.

ಅವನು ಬರೆದದ್ದೆಲ್ಲ ಹದಿನಾರರಿಂದ ಹತ್ತೊಂಬತ್ತರ ವಯಸ್ಸಿನೊಳಗೆ. 1899ರ ಮೇ 26ರಂದು ಮಾಂಟ್ರಿಯಲ್‌ನ ಶಾಟೋ ರಾಮ್ಜೇ ಎಂಬ ಕಟ್ಟಡದಲ್ಲಿ ತನ್ನ ಪದ್ಯ ಓದಿ ಭಾರಿ ಚಪ್ಪಾಳೆ ಗಿಟ್ಟಿಸಿದ. ಅದೇ ಆಗಸ್ಟ್‌ನಲ್ಲಿ ಅವನನ್ನು ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಿದರು. ಈಗ ನಾವು ಸ್ಕಿಜೋಫ್ರೇನಿಯಾ ಅನ್ನುವ ಕಾಯಿಲೆಗೆ ಆಗ ಬೇರೆ ಹೆಸರಿತ್ತು. 1941ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತೆರಡು ವರ್ಷ, ಅವನು ಆಸ್ಪತ್ರೆಗಳಲ್ಲೇ ಇದ್ದ.

ಅವನ ಪದ್ಯಗಳನ್ನು ಒಟ್ಟುಮಾಡಿದ್ದು ಲೂಯಿ ದಾಂತ್ಯಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬ ಪಾದ್ರಿ. 107 ಪದ್ಯಗಳ ಆ ಪುಸ್ತಕ 1904ರಲ್ಲಿ ಓದುಗರ ಕೈಸೇರಿತು. ಅದಕ್ಕೂ ಮೊದಲು, 1902ರಲ್ಲಿ, ದಾಂತ್ಯಾ ಬರೆದ ಲೇಖನ ಶುರುವಾಗುವುದೇ ‘ಎಮಿಲ್ ನೆಲ್ಲಿಗಾನ್ ಸತ್ತಿದ್ದಾನೆ’ ಎಂಬ ಮಾತಿನಿಂದ. ಕವಿ ಬದುಕಿದ್ದ! ಇನ್ನೂ ಇಪ್ಪತ್ತೆರಡು ವರ್ಷದವನು. ಅಲ್ಲಿಂದಾಚೆ ಅವನ ಪ್ರತಿ ಸಾಲನ್ನೂ ಆಸ್ಪತ್ರೆಯ ಕಿಟಕಿಯಿಂದಲೇ ನೋಡುವ ಅಭ್ಯಾಸ ಬೆಳೆಯಿತು. ಅನುವಾದಕರಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ ಅಂತ ನನಗನ್ನಿಸುತ್ತದೆ. ಪದ್ಯ ಬರೆದಾಗ ಅವನು ಆಸ್ಪತ್ರೆ ಸೇರಿರಲಿಲ್ಲ. ಮುಂದೆ ಏನಾಯಿತು ಅನ್ನುವುದು ನಮಗೆ ಗೊತ್ತು, ಪದ್ಯಕ್ಕೆ ಗೊತ್ತಿಲ್ಲ.

ಈಗ ‘ಸ್ವಾರ್ ದಿವೇರ್’ ಪದ್ಯಕ್ಕೆ ಬರೋಣ. ಹೆಸರಿನ ಅರ್ಥ ‘ಚಳಿಗಾಲದ ಸಂಜೆ’. ಐದೈದು ಸಾಲಿನ ನಾಲ್ಕು ಚರಣ. ಮೊದಲ ಸಾಲು ಹೀಗಿದೆ: ‘ಆ! ಕೊಮ್ ಲಾ ನೆಜ್ ಆ ನೆಜೇ!’ ಜೋರಾಗಿ ಓದಿ ನೋಡಿ. ನೆಜ್ ಅಂದರೆ ಹಿಮ, ನೆಜೇ ಅಂದರೆ ಹಿಮ ಬಿದ್ದಿದೆ. ಒಂದೇ ಧಾತು ಎರಡು ಸಲ ಬರುತ್ತದೆ. ಕನ್ನಡದಲ್ಲಿ ‘ಆಟ ಆಡು’, ‘ಓಟ ಓಡು’ ಇವೆ. ಹಿಮಕ್ಕೆ ಅಂಥ ಕ್ರಿಯಾಪದ ಇಲ್ಲ. ಆದರೆ ಮಾತನ್ನು ಇಮ್ಮಡಿಸಿ ಹೇಳುವುದು ನಮಗೆ ಚೆನ್ನಾಗಿ ಗೊತ್ತು. ‘ಎಷ್ಟು ಹಿಮ, ಎಷ್ಟು ಹಿಮ ಸುರಿದಿದೆ’ ಅಂದರೆ ಆ ಮರುಕಳಿಕೆ ಸಹಜವಾಗಿ ಬಂದುಬಿಡುತ್ತದೆ.

ಕಾಲವನ್ನು ಗಮನಿಸಿ. ‘ಸುರಿಯುತ್ತಿದೆ’ ಅಂತ ಬರೆಯಲು ಕೈ ಓಡುತ್ತದೆ. ಮೂಲದಲ್ಲಿರುವುದು ‘ಸುರಿದಿದೆ’. ಬೀಳುವುದೆಲ್ಲ ಬಿದ್ದು ಮುಗಿದಿದೆ, ಇವನು ಒಳಗೆ ಕೂತು ನೋಡುತ್ತಿದ್ದಾನೆ. ಈ ಒಂದು ಕ್ರಿಯಾರೂಪ ತಪ್ಪಿದರೆ ಇಡೀ ಪದ್ಯದ ನಿಶ್ಚಲತೆ ಹೋಗುತ್ತದೆ.

ಆಮೇಲೆ ಆ ‘ಆ!’ ಎಂಬ ಉದ್ಗಾರ. ಕವಿಯ ಬದುಕು ಗೊತ್ತಿರುವವರು ತಕ್ಷಣ ‘ಅಯ್ಯೋ’ ಅನ್ನುತ್ತಾರೆ. ಆದರೆ ಮೊದಲ ಸಾಲಿನಲ್ಲಿ ಇನ್ನೂ ನೋವಿನ ಸುದ್ದಿಯೇ ಇಲ್ಲ, ಬರೀ ಬೆರಗಿದೆ. ನೋವು ಬರುವುದು ಐದನೇ ಸಾಲಿನಲ್ಲಿ. ಅಲ್ಲಿಯವರೆಗೆ ಕಾಯುವ ತಾಳ್ಮೆ ಕವಿಗಿದೆ, ನಮಗೂ ಇರಬೇಕು. ‘ಅಬ್ಬಾ’ ಅಂದರೆ ಎರಡು ಕಡೆಗೂ ಬಾಗಿಲು ತೆರೆದಿರುತ್ತದೆ.

ಅಬ್ಬಾ, ಎಷ್ಟು ಹಿಮ, ಎಷ್ಟು ಹಿಮ ಸುರಿದಿದೆ!
ನನ್ನ ಕಿಟಕಿಯ ಗಾಜು ಹೆಪ್ಪುಗಟ್ಟಿದ ಹೂದೋಟವಾಗಿದೆ.
ಅಬ್ಬಾ, ಎಷ್ಟು ಹಿಮ, ಎಷ್ಟು ಹಿಮ ಸುರಿದಿದೆ!
ಬದುಕುವ ಈ ಸೆಳಕು ಯಾವ ಲೆಕ್ಕ,
ನನಗೆಷ್ಟು ನೋವು, ಎಷ್ಟು ನೋವು ಇದೆ!

ನಾಲ್ಕನೇ ಸಾಲಿನ ‘ಸ್ಪಾಸ್ಮ್’ ಪದಕ್ಕೆ ವೈದ್ಯರು ಬಳಸುವ ಮಾತು ಹಾಕುವ ಆಸೆಯಾಗುತ್ತದೆ. ಹಾಕಿದರೆ ರೋಗದ ಚೀಟಿಯೇ ಪದ್ಯದೊಳಗೆ ಬಂದಂತೆ. ಹಾಗಾಗಿ ‘ಸೆಳಕು’ ಇಟ್ಟಿದ್ದೇನೆ. ಐದನೇ ಸಾಲಿನ ಕೊನೆಯಲ್ಲಿ ಮೂಲದಲ್ಲಿ ‘ಕ ಜೇ, ಕ ಜೇ’ ಎಂದು ಎರಡು ಸಲ ಬರುತ್ತದೆ, ‘ನನಗಿರುವ, ನನಗಿರುವ’ ಎಂದು. ಜಾಸ್ತಿಯಾಯಿತು ಅಂತ ಒಂದನ್ನು ಕತ್ತರಿಸಬೇಡಿ. ಬಿಕ್ಕಿ ಮಾತಾಡುವವರ ಉಸಿರು ಇರುವುದೇ ಅಲ್ಲಿ.

ಪ್ರಾಸದ ಬಗ್ಗೆ ಒಂದು ಮಾತು. ಮೂಲದಲ್ಲಿ ಸಾಲಿಗೆ ಎಂಟು ಉಚ್ಚಾರಗಳು (ಸಿಲಬಲ್), ಮೇಲೆ ಅಂತ್ಯಪ್ರಾಸ. ಆ ಎಂಟನ್ನು ಕನ್ನಡದಲ್ಲಿ ಎಣಿಸಿಕೊಂಡು ಕೂರಬೇಡಿ, ನಮ್ಮ ಕಿವಿ ಮಾತ್ರೆಗೆ ಒಗ್ಗಿದ್ದು. ನಮ್ಮಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುವುದರಿಂದ ‘ಇದೆ, ಇದೆ’ ಅನ್ನುವ ಪ್ರಾಸ ಸುಮ್ನೆ ಸಿಕ್ಕಿಬಿಡುತ್ತದೆ, ಬೇರೆ ಪದ್ಯದಲ್ಲಾದರೆ ಅದು ಸೋಮಾರಿತನ. ಇಲ್ಲಿ ಮಾತ್ರ ಒಪ್ಪುತ್ತದೆ. ಕವಿಯೇ ‘ನೆಜೇ’ಗೆ ‘ನೆಜೇ’ಯನ್ನೇ ಪ್ರಾಸವಾಗಿ ಇಟ್ಟಿದ್ದಾನಲ್ಲ!

ಎರಡನೇ ಚರಣದಲ್ಲಿ ಕೆರೆಗಳೆಲ್ಲ ಹೆಪ್ಪುಗಟ್ಟಿ ಬಿದ್ದಿವೆ, ಆಮೇಲೆ ಅದೇ ಮಾತಿನಲ್ಲಿ ಆಸೆಗಳೆಲ್ಲ ಹೆಪ್ಪುಗಟ್ಟಿ ಬಿದ್ದಿವೆ. ‘ಜೀಜ್’ ಎಂಬ ಆ ಕ್ರಿಯಾಪದ ಫ್ರೆಂಚರು ಸಮಾಧಿಕಲ್ಲಿನ ಮೇಲೆ ಬರೆಸುವ ಕ್ರಿಯಾಪದವೇ. ‘ಮಲಗಿವೆ’ ಅಂದರೆ ತೀರಾ ಮೆದುವಾಗುತ್ತದೆ. ನಡುವೆ ‘ಊ ವಿಜ್? ಊ ವೇಜ್?’ ಅನ್ನುವ ಪ್ರಶ್ನೆ, ಅದರ ಸದ್ದೇ ಮುಂದೆ ‘ನೊರ್ವೇಜ್’ ಅಂದರೆ ನಾರ್ವೆಯ ಹೆಸರನ್ನು ಕರೆದು ತರುತ್ತದೆ. ‘ಎಲ್ಲಿರುವೆ ನಾನು? ಎತ್ತ ಹೋಗುವೆ?’ ಅಂದರೆ ನಮಗೆ ಒಳಪ್ರಾಸ ಸಿಗುತ್ತದೆ, ನಾರ್ವೆಯ ಕೊಂಡಿ ಸಿಗುವುದಿಲ್ಲ. ಆ ನಷ್ಟ ಒಪ್ಪಿಕೊಳ್ಳಬೇಕಾದದ್ದೇ. ಆದರೆ ‘ನಾನೇ ಹೊಸ ನಾರ್ವೆ’ ಅನ್ನುವುದನ್ನು ‘ನಾರ್ವೆಯ ಹಾಗೆ’ ಅಂತ ಮಾಡಬೇಡಿ. ಹೋಲಿಕೆಯಾದರೆ ಸಾಲು ಸತ್ತಹಾಗೆ. ನಾರ್ವೆ ತೆಗೆದು ಹಿಮಾಲಯ ಹಾಕುವುದಂತೂ ಬೇಡವೇ ಬೇಡ.

ಮೂರನೇ ಚರಣದಲ್ಲಿ ಫೆಬ್ರವರಿಯ ಹಕ್ಕಿಗಳು, ಗುಲಾಬಿ, ಜುನಿಪರ್ ಕೊಂಬೆ. ‘ನನ್ನ ಅಳುವನ್ನು ನೀವು ಅಳಿರಿ’ ಅನ್ನುವುದು ಕನ್ನಡಕ್ಕೆ ಹಾಗೆಯೇ ಕೂರುತ್ತದೆ.

ಕೊನೆಯ ಚರಣ ಮೊದಲನೆಯದೇ. ಬದಲಾಗುವುದು ಒಂದೇ ಕಡೆ. ಮೊದಲು ‘ದೂಲರ್’, ಅಂದರೆ ನೋವು ಇದ್ದ ಜಾಗದಲ್ಲಿ ಈಗ ‘ಆನ್ವಿ’ ಇದೆ. ಮನಸ್ಸು ಬತ್ತಿದ, ಏನೂ ಬೇಡವೆನಿಸುವ ಸ್ಥಿತಿ ಅದು. ಕನ್ನಡದ ‘ಬೇಸರ’ ದುಃಖವೂ ಹೌದು, ಮಂಕುತನವೂ ಹೌದು, ಹಾಗಾಗಿ ‘ನನಗೆಷ್ಟು ಬೇಸರ, ಎಷ್ಟು ಬೇಸರವಿದೆ’ ಸಾಕು. ಉಳಿದ ನಾಲ್ಕು ಸಾಲುಗಳಲ್ಲಿ ಅಕ್ಷರವೂ ಬದಲಾಗಬಾರದು. ಹೊಸದಾಗಿ ಹೇಳೋಣ ಅಂತ ಪದ ಬದಲಿಸಿದರೆ ಈ ಒಂದು ಬದಲಾವಣೆ ಯಾರ ಕಿವಿಗೂ ಬೀಳುವುದಿಲ್ಲ.

ಇಂಗ್ಲಿಷ್ ಬಲ್ಲವರು 1960ರ ವಿಡೋಸ್ ಅನುವಾದವನ್ನೂ 1983ರ ಕಾಗ್ಸ್‌ವೆಲ್ ಅನುವಾದವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆದರೆ ನಿಮ್ಮ ಕನ್ನಡ ಕರಡು ಮುಗಿದ ಮೇಲೆ.

ಮುಂದಿನ ಅಭ್ಯಾಸಕ್ಕೆ ‘ರೊಮಾನ್ಸ್ ದ್ಯು ವ್ಯಾ’, ಅಂದರೆ ‘ದ್ರಾಕ್ಷಾರಸದ ಹಾಡು’, ಎತ್ತಿಕೊಳ್ಳಿ, ಮೇ 26ರಂದು ಅವನು ಓದಿದ್ದು ಇದನ್ನೇ. ಅದರ ಕೊನೆಯಲ್ಲಿ ‘ಎಷ್ಟು ಖುಷಿಯಾಗಿದ್ದೇನೆಂದರೆ, ಎಲ್ಲಿ ಬಿಕ್ಕಿ ಅತ್ತುಬಿಡುತ್ತೇನೋ ಎಂದು ಭಯ’ ಅನ್ನುತ್ತಾನೆ. ಅಲ್ಲಿಯೂ ‘ಸಿ ಗೇ, ಸಿ ಗೇ’ ಎಂದು ಖುಷಿ ಎರಡೆರಡು ಸಲ ಬರುತ್ತದೆ. ಹಿಮದ ಪದ್ಯದಲ್ಲಿ ನೋವನ್ನು ಇಮ್ಮಡಿಸಿದ ರೀತಿಯಲ್ಲೇ ಇಲ್ಲಿ ಖುಷಿಯನ್ನೂ ಇಮ್ಮಡಿಸಿ ನೋಡಿ, ಮೊದಲು ಬಾಯಲ್ಲಿ, ಆಮೇಲೆ ಕಾಗದದ ಮೇಲೆ.