ಅರ್ಜೆಂಟೀನಾ: ಸಾಲ ದೇಶದ್ದು, ಡಾಲರ್ ಉಳ್ಳವರದ್ದು

1976ರ ಮಾರ್ಚ್ 24ರಂದು ಸೇನೆ ಅಧಿಕಾರ ಕಿತ್ತುಕೊಂಡಾಗ ಅರ್ಜೆಂಟೀನಾದ ವಿದೇಶಿ ಸಾಲ ಸುಮಾರು 800 ಕೋಟಿ ಡಾಲರ್. 1983ರ ಕೊನೆಗೆ ಸೇನಾಡಳಿತ ತೊಲಗುವ ಹೊತ್ತಿಗೆ ಅದು 4,500 ಕೋಟಿ ಮುಟ್ಟಿತ್ತು. ಅಷ್ಟು ಹಣ ಬಂದ ನಾಡಿನಲ್ಲಿ ಹೊಸ ಕಾರ್ಖಾನೆಗಳು ಏಳಬೇಕಿತ್ತು. ಇದ್ದವೇ ಬಾಗಿಲು ಹಾಕುತ್ತಿದ್ದವು. ಹಾಗಾದರೆ ಹಣ ಹೋದದ್ದೆಲ್ಲಿಗೆ?

ಅರ್ಥ ಸಚಿವ ಮಾರ್ಟಿನೆಸ್ ದೆ ಓಸ್ 1978ರ ಡಿಸೆಂಬರಿನಲ್ಲಿ, ಮುಂದಿನ ತಿಂಗಳುಗಳಲ್ಲಿ ಅಲ್ಲಿನ ನಾಣ್ಯ ಪೆಸೊ ಡಾಲರಿನೆದುರು ಎಷ್ಟೆಷ್ಟು ಇಳಿಯಲಿದೆ ಎಂಬ ಪಟ್ಟಿಯನ್ನು ಮುಂಚೆಯೇ ಪ್ರಕಟಿಸಿದರು. ಜನ ಅದನ್ನು 'ತಬ್ಲಿತಾ', ಅಂದರೆ ಪುಟ್ಟ ಪಟ್ಟಿ, ಎಂದು ಕರೆದರು. ಬೆಲೆಗಳು ಆ ಪಟ್ಟಿಗಿಂತ ಜೋರಾಗಿ ಏರಿದವು, ಡಾಲರ್ ಅಗ್ಗವಾಯಿತು. ಉಳ್ಳವರು ಹೊರಗಿನಿಂದ ಡಾಲರ್ ಸಾಲ ತಂದು, ಪೆಸೊಗೆ ಬದಲಿಸಿ, ದೊಡ್ಡ ಬಡ್ಡಿಗೆ ಹಾಕಿ, ಬಂದ ಲಾಭಕ್ಕೆ ಮತ್ತೆ ಅಗ್ಗದ ಡಾಲರ್ ಕೊಂಡು ಹೊರದೇಶಕ್ಕೆ ಸಾಗಿಸಿದರು. ಇದಕ್ಕೆ ಅಲ್ಲಿ 'ಹಣಕಾಸಿನ ಸೈಕಲ್' ಎಂಬ ಹೆಸರೇ ಇದೆ. ಹೀಗೆ ಕೇಳಿದವರಿಗೆಲ್ಲ ಮಾರಲು ಸರ್ಕಾರದ ಬಳಿ ಡಾಲರ್ ಇರಬೇಕಲ್ಲ? ಅದಕ್ಕಾಗಿ ತೈಲ ಕಂಪನಿ ವೈಪಿಎಫ್‌ನಂಥ ಸರ್ಕಾರಿ ಉದ್ದಿಮೆಗಳಿಂದ ವಿದೇಶಿ ಸಾಲ ಎತ್ತಿಸಲಾಯಿತು. ಅಂದರೆ ಬಂಡವಾಳ ಪಲಾಯನ ಸಾಲದ ಪರಿಣಾಮ ಮಾತ್ರ ಆಗಿರಲಿಲ್ಲ. ಪಲಾಯನ ನಡೆಯಲೆಂದೇ ಸಾಲ ಬೇಕಾಯಿತು.

1981ರಲ್ಲಿ ಪೆಸೊ ಕುಸಿಯಿತು. ಖಾಸಗಿ ಕಂಪನಿಗಳ ಡಾಲರ್ ಸಾಲವನ್ನು ವಿನಿಮಯ ವಿಮೆಯ (ಪೆಸೊ ಕುಸಿದರೆ ಆಗುವ ನಷ್ಟ ಸರ್ಕಾರದ್ದು ಎಂಬ ಭರವಸೆ) ಹೆಸರಿನಲ್ಲಿ ಸರ್ಕಾರ ತನ್ನ ತಲೆಗೆ ಕಟ್ಟಿಕೊಂಡಿತು. ನನ್ನನ್ನು ಹೆಚ್ಚು ಕಾಡುವುದು ಈ ಘಟ್ಟವೇ. ಆ ಸಾಲಗಳಲ್ಲಿ ಕೆಲವು, ಹೊರಗಿಟ್ಟಿದ್ದ ಸ್ವಂತ ಠೇವಣಿಯನ್ನೇ ಅಡವಿಟ್ಟು ಪಡೆದವು. ಠೇವಣಿ ಮಾಲೀಕನಿಗೇ ಉಳಿಯಿತು, ಸಾಲ ಮಾತ್ರ ತೆರಿಗೆದಾರನ ಪಾಲಾಯಿತು.

ಪತ್ರಕರ್ತ ಅಲೆಹಾಂದ್ರೊ ಓಲ್ಮೋಸ್ ಸೇನೆ ಇನ್ನೂ ಅಧಿಕಾರದಲ್ಲಿದ್ದಾಗಲೇ, 1982ರಲ್ಲಿ, ಈ ಸಾಲದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ತೀರ್ಪು ಬಂದದ್ದು 2000ದ ಜುಲೈ 13ರಂದು. ಅದಕ್ಕೆ ಕೆಲವೇ ತಿಂಗಳ ಮೊದಲು ಅವರು ತೀರಿಕೊಂಡಿದ್ದರು. ಸಾಲದ ವ್ಯವಹಾರದಲ್ಲಿ 470ಕ್ಕೂ ಹೆಚ್ಚು ಅಕ್ರಮಗಳನ್ನು ನ್ಯಾಯಾಧೀಶರು ಗುರುತಿಸಿ, ಕಡತವನ್ನು ಸಂಸತ್ತಿಗೆ ಕಳಿಸಿದರು. ಕಾಲಮಿತಿ ಮೀರಿದ್ದರಿಂದ ಯಾರಿಗೂ ಶಿಕ್ಷೆಯಾಗಲಿಲ್ಲ.

2018ರಲ್ಲಿ ಅದೇ ದಾರಿ ಮತ್ತೆ ತೆರೆಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 5,700 ಕೋಟಿ ಡಾಲರ್ ಸಾಲಕ್ಕೆ ಒಪ್ಪಿ, 4,400 ಕೋಟಿಯಷ್ಟು ಕೊಟ್ಟಿತು. ದೊಡ್ಡ ಪ್ರಮಾಣದ ಬಂಡವಾಳ ಹೊರಹರಿವಿಗೆ ತನ್ನ ಹಣ ಬಳಸಬಾರದು ಎಂದು ಐಎಂಎಫ್‌ನ ಸ್ಥಾಪನಾ ಒಪ್ಪಂದದ 6ನೇ ವಿಧಿಯೇ ಹೇಳುತ್ತದೆ. ಆದರೂ 2015ರ ಕೊನೆಯಿಂದ 2019ರವರೆಗೆ ಸುಮಾರು 8,600 ಕೋಟಿ ಡಾಲರ್ ಹೊರಹೋಯಿತೆಂದು ಅರ್ಜೆಂಟೀನಾದ ಕೇಂದ್ರ ಬ್ಯಾಂಕ್ 2020ರಲ್ಲಿ ಲೆಕ್ಕ ಕೊಟ್ಟಿತು. 2022ರ ಮಾರ್ಚಿನಲ್ಲಿ ಐಎಂಎಫ್ ಇನ್ನೊಂದು ಸಾಲ ಮಂಜೂರು ಮಾಡಿತು, ಹಳೆಯದರ ಕಂತು ಕಟ್ಟಲು. ಮೊತ್ತ ಸುಮಾರು 4,400 ಕೋಟಿ.