ದಾರಿ ಮುಚ್ಚಲು ಒಂದು ದಿನ, ಮರಳಿ ಬರಲು ವರ್ಷಗಳು

2024ರ ಜನವರಿ ಕೊನೆಯಲ್ಲಿ ಬರ್ಲಿನ್ ಹತ್ತಿರದ ಟೆಸ್ಲಾ ಕಾರ್ಖಾನೆ ಸುಮಾರು ಎರಡು ವಾರ ಕೆಲಸ ನಿಲ್ಲಿಸಿತು. ಬರಬೇಕಿದ್ದ ಬಿಡಿಭಾಗಗಳ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಬರುತ್ತಿದ್ದವು. ಕೆಂಪು ಸಮುದ್ರದಲ್ಲಿ ಯೆಮೆನ್‌ನ ಸಶಸ್ತ್ರ ಗುಂಪಾದ ಹೂತಿಗಳು, ಗಾಜಾಗೆ ಬೆಂಬಲ ಎನ್ನುತ್ತ, ಹಡಗುಗಳ ಮೇಲೆ ಡ್ರೋನ್, ಕ್ಷಿಪಣಿ ಹಾರಿಸುತ್ತಿದ್ದರು. ಗಾಜಾ ಯುದ್ಧದ ಬಿಸಿ ಜರ್ಮನಿಗೂ ತಟ್ಟಿತ್ತು.

ಈ ದಾರಿ ಇಂಥದ್ದನ್ನು ಹಿಂದೆಯೂ ಕಂಡಿದೆ. ಕೆಂಪು ಸಮುದ್ರವನ್ನು ಮೆಡಿಟರೇನಿಯನ್‌ಗೆ ಜೋಡಿಸುವ, 1869ರಲ್ಲಿ ತೆರೆದ ಸುಯೆಜ್ ಕಾಲುವೆಯನ್ನು 1956ರ ಜುಲೈನಲ್ಲಿ ಈಜಿಪ್ಟ್ ಅಧ್ಯಕ್ಷ ನಾಸೆರ್ ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ದಾಳಿ ಮಾಡಿದಾಗ ಈಜಿಪ್ಟ್ ಹಡಗುಗಳನ್ನೇ ಮುಳುಗಿಸಿ ಕಾಲುವೆಗೆ ಅಡ್ಡ ಹಾಕಿತು. ಆಗ ಕೆಲವೇ ತಿಂಗಳಲ್ಲಿ ದಾರಿ ತೆರವಾಯಿತು.

1967ರದ್ದು ಬೇರೆ ಕಥೆ. ಇಸ್ರೇಲ್ ಮತ್ತು ಅರಬ್ ದೇಶಗಳ ಯುದ್ಧ ನಡೆದದ್ದು ಆರೇ ದಿನ, ಕಾಲುವೆ ಮುಚ್ಚಿದ್ದು ಎಂಟು ವರ್ಷ! ಕಾಲುವೆಯ ದಾರಿಯಲ್ಲೇ ಇರುವ ಗ್ರೇಟ್ ಬಿಟರ್ ಸರೋವರದಲ್ಲಿ 14 ಹಡಗುಗಳು ಸಿಕ್ಕಿಬಿದ್ದವು. ಮರುಭೂಮಿಯ ಮರಳು ಕೂತು ಕೂತು ಅವು ಹಳದಿಯಾದವು. ಅಮೆರಿಕ, ಪೋಲೆಂಡ್, ಬಲ್ಗೇರಿಯಾ ಅಂತ ಎದುರಾಳಿ ಬಣಗಳ ದೇಶಗಳ ನಾವಿಕರು ಅಲ್ಲಿ ಒಟ್ಟಿಗೆ ಬದುಕಿದರು, ತಮ್ಮದೇ ಅಂಚೆಚೀಟಿ ಕೂಡ ಮಾಡಿಕೊಂಡರು. ಈ ಭಾಗ ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. 1975ರಲ್ಲಿ ಸ್ವಂತ ಎಂಜಿನ್ ಬಲದಿಂದ ಊರು ಸೇರಿದ್ದು ಎರಡು ಜರ್ಮನ್ ಹಡಗುಗಳು ಮಾತ್ರ.

ಆದರೆ ವ್ಯಾಪಾರದ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಆದದ್ದು ಹೊರಗೆ. ಆಫ್ರಿಕಾ ಸುತ್ತುವ ಖರ್ಚು ಗಿಟ್ಟಬೇಕಾದರೆ ಒಂದೇ ಸಲಕ್ಕೆ ಜಾಸ್ತಿ ಎಣ್ಣೆ ಸಾಗಿಸಬೇಕು, ಅಲ್ವಾ? ಹಾಗಾಗಿ 2 ಲಕ್ಷ ಟನ್ ಮೀರಿದ ಟ್ಯಾಂಕರ್‌ಗಳು ಸಾಲುಸಾಲಾಗಿ ಬಂದವು. ಕಾಲುವೆ ಮತ್ತೆ ತೆರೆದಾಗ, ಎಣ್ಣೆ ತುಂಬಿದ ಅವುಗಳಿಗೆ ಅದರ ಆಳವೇ ಸಾಲಲಿಲ್ಲ. ಈಜಿಪ್ಟ್ ಮತ್ತೆ ಅಗೆಯಬೇಕಾಯಿತು.

2023ರ ನವೆಂಬರ್‌ನಲ್ಲಿ ಹೂತಿಗಳು ಹೆಲಿಕಾಪ್ಟರ್‌ನಿಂದ ಇಳಿದು ‘ಗ್ಯಾಲಕ್ಸಿ ಲೀಡರ್’ ಹಡಗನ್ನು ವಶಪಡಿಸಿಕೊಂಡರು. ಡಿಸೆಂಬರ್‌ನಲ್ಲಿ ಮೇರ್ಸ್ಕ್‌ನಂಥ ದೊಡ್ಡ ಹಡಗು ಕಂಪನಿಗಳು ದಾರಿ ಬದಲಿಸಿದವು. ಪ್ರಯಾಣಕ್ಕೆ 10ರಿಂದ 14 ದಿನ ಹೆಚ್ಚಾಯಿತು. ಇಂಧನ, ಸಂಬಳದ ಖರ್ಚು ಏರಿತು. ಕೆಂಪು ಸಮುದ್ರದಲ್ಲೇ ಹೋಗುತ್ತೇವೆ ಎಂದವರಿಗೆ ಯುದ್ಧದ ವಿಮೆ ಹಲವು ಪಟ್ಟು ದುಬಾರಿಯಾಯಿತು. ಈ ಯುದ್ಧದಲ್ಲಿ ಇಲ್ಲದ ಈಜಿಪ್ಟ್‌ಗೂ ಏಟು ಬಿತ್ತು. 2023ರಲ್ಲಿ 1,000 ಕೋಟಿ ಡಾಲರ್ ದಾಟಿದ್ದ ಕಾಲುವೆಯ ಆದಾಯ ಮರುವರ್ಷ ಸುಮಾರು 400 ಕೋಟಿಗೆ ಇಳಿಯಿತು.

2025ರ ಜನವರಿಯಲ್ಲಿ ಗಾಜಾದಲ್ಲಿ ಕದನವಿರಾಮ ಬಂತು. ದೊಡ್ಡ ಕಂಪನಿಗಳು ಆದರೂ ಕಾದು ನೋಡಿದವು. ಆ ಕದನವಿರಾಮ ಬಾಳಲಿಲ್ಲ. ಜುಲೈನಲ್ಲಿ ಒಂದೇ ವಾರದಲ್ಲಿ ಹೂತಿಗಳು ಎರಡು ಸರಕು ಹಡಗುಗಳನ್ನು ಮುಳುಗಿಸಿದರು. ಎರಡನೆಯದರಲ್ಲಿ ನಾವಿಕರೂ ಸತ್ತರು.