ಕಾರ್ಲ್‌ಸ್ಕೂಗಾದ ಒಲೆಗೆ ಸ್ಟಾಕ್‌ಹೋಮಿನ ಮೊಲ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ಉದ್ಯಾನಗಳಲ್ಲಿ ಮೊಲಗಳು ಮಿತಿಮೀರಿದ್ದವು. ಯಾರೋ ಮುದ್ದಿಗೆಂದು ಸಾಕಿ, ಬೇಡವಾದಾಗ ತಂದು ಬಿಟ್ಟವುಗಳ ಸಂತತಿ ಬೆಳೆದು ಪೊದೆ, ಗಿಡಗಳನ್ನೆಲ್ಲ ತಿಂದು ಹಾಳುಮಾಡುತ್ತಿತ್ತು. ನಗರಾಡಳಿತ ವರ್ಷಕ್ಕೆ ಸಾವಿರಾರು ಮೊಲಗಳನ್ನು ಕೊಲ್ಲಿಸುತ್ತಿತ್ತು. ಸತ್ತ ಮೊಲಗಳನ್ನು ಶೈತ್ಯಾಗಾರದಲ್ಲಿ ಕೂಡಿಟ್ಟು, 200 ಕಿ.ಮೀ.ಗೂ ದೂರದ ಕಾರ್ಲ್‌ಸ್ಕೂಗಾ ಪಟ್ಟಣದ ಬಾಯ್ಲರಿಗೆ ಹಾಕಲಾಗುತ್ತಿದೆ ಎಂಬ ಸಂಗತಿ 2009ರಲ್ಲಿ ಹೊರಬಿದ್ದಾಗ ಪ್ರಾಣಿಪ್ರಿಯರು ಕೆರಳಿದರು. ಕೇಳಿದೊಡನೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೂ ಆ ಒಲೆಯ ಲೆಕ್ಕವನ್ನು ಸಾವಧಾನವಾಗಿ ನೋಡಬೇಕು.

ಸ್ವೀಡನ್ನಿನ ಪಟ್ಟಣಗಳಲ್ಲಿ ಊರಿಗೆಲ್ಲ ಸೇರಿ ಒಂದು ದೊಡ್ಡ ಬಾಯ್ಲರ್ ಇರುತ್ತದೆ. ಅಲ್ಲಿ ಕಾಯಿಸಿದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆಗಳನ್ನು ಬೆಚ್ಚಗಿಡುತ್ತದೆ. ಪ್ರಾಣಿಯ ದೇಹವನ್ನು ಮೂಳೆಸಮೇತ ನುಣ್ಣಗೆ ಅರೆದು, ಗಟ್ಟಿ ಹಿಟ್ಟಿನಂತಾದ ಅದನ್ನು ಪಂಪಿನಿಂದ ಬಾಯ್ಲರಿಗೆ ನೂಕುತ್ತಾರೆ. ದೇಹದ ಮೂರರಲ್ಲಿ ಎರಡು ಪಾಲಿನಷ್ಟು ನೀರೇ ಆದ್ದರಿಂದ ಅದೊಂದೇ ಚೆನ್ನಾಗಿ ಉರಿಯದು; ಮರದ ಚೂರುಗಳ ಜೊತೆ ಬೆರೆಸಿಯೇ ಸುಡಬೇಕು. ನಿಜ ಹೇಳಬೇಕೆಂದರೆ ಈ ಇಂಧನದಲ್ಲಿ ಮೊಲದ ಪಾಲು ಅತ್ಯಲ್ಪ. ಬಹುಪಾಲು ಬರುವುದು ಕಸಾಯಿಖಾನೆಯ ತ್ಯಾಜ್ಯ ಮತ್ತು ಕೊಟ್ಟಿಗೆಯಲ್ಲಿ ಸತ್ತ ದನಗಳಿಂದ. ಹಿಂದೆ ಇವುಗಳನ್ನು ಪುಡಿಮಾಡಿ ದನಗಳಿಗೇ ಮೇವಾಗಿ ತಿನ್ನಿಸುತ್ತಿದ್ದರು. ಹುಚ್ಚು ಹಸು ರೋಗ ಹರಡಿದ್ದೇ ಆ ದಾರಿಯಲ್ಲಿ. ಯುರೋಪು ಅಂಥ ಮೇವನ್ನು ನಿಷೇಧಿಸಿದ ಮೇಲೆ ರಾಶಿ ರಾಶಿ ತ್ಯಾಜ್ಯಕ್ಕೆ ಬೇರೆ ಗತಿ ಕಾಣಿಸಬೇಕಾಯಿತು.

ಪರಿಸರಕ್ಕೆ ಇದರಿಂದ ಏನು ಲಾಭ? ಮೊಲದ ಮೈಯಲ್ಲಿರುವ ಇಂಗಾಲ ಇತ್ತೀಚಿನ ಹುಲ್ಲಿನಿಂದ ಬಂದದ್ದು, ಹುಲ್ಲಿಗೆ ಅದು ಗಾಳಿಯಿಂದ ಬಂದದ್ದು. ಸುಟ್ಟಾಗ ಮತ್ತೆ ಗಾಳಿಗೇ ಸೇರುತ್ತದೆ. ಕಲ್ಲಿದ್ದಲು ಹಾಗಲ್ಲ, ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದ ಇಂಗಾಲವನ್ನು ಅದು ಹೊಸದಾಗಿ ಹೊರಗೆ ಬಿಡುತ್ತದೆ. ಅದೇ ಕಳೇಬರ ಗಾಳಿಯಾಡದ ಗುಂಡಿಯಲ್ಲಿ ಕೊಳೆತರೆ ಹೊರಡುವುದು ಮೀಥೇನ್. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಆ ಮೀಥೇನನ್ನೇ ಮುಚ್ಚಿದ ತೊಟ್ಟಿಯಲ್ಲಿ ಹಿಡಿದು ಬಳಸುವುದು ಇನ್ನೊಂದು ದಾರಿ. ನಮ್ಮ ಗೋಬರ್ ಗ್ಯಾಸಿನ ತತ್ವವೇ ಅದು. ಸ್ವೀಡನ್ನಿನ ಲಿಂಶೋಪಿಂಗ್ ನಗರದಲ್ಲಿ ಕಸಾಯಿಖಾನೆಯ ತ್ಯಾಜ್ಯದಿಂದ ಪಡೆದ ಅನಿಲದಲ್ಲಿ ಬಸ್ಸುಗಳು ಓಡಿವೆ, 2005ರಲ್ಲಿ ಒಂದು ರೈಲೂ ಓಡಿತು.

ಈ ಲಾಭವೆಲ್ಲ ಪ್ರಾಣಿ ಬೇರೆ ಕಾರಣಕ್ಕೆ ಸತ್ತಿದ್ದರೆ ಮಾತ್ರ. ಇಂಧನಕ್ಕೆಂದೇ ಪ್ರಾಣಿ ಸಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅದು ತಿಂದ ಮೇವಿನ ಶಕ್ತಿಯಲ್ಲಿ ಹೆಚ್ಚಿನದು ಉಸಿರಾಟಕ್ಕೆ, ಓಡಾಟಕ್ಕೆ, ಮೈಬಿಸಿಗೆ ಕಳೆದುಹೋಗಿ, ದೇಹದಲ್ಲಿ ಉಳಿಯುವುದು ಸಣ್ಣ ಪಾಲು. ಸಾಕಿದ ಮೊಲವನ್ನು ಉದ್ಯಾನಕ್ಕೆ ಬಿಡದಂತೆ ತಡೆಯುವುದೇ ಎಲ್ಲಕ್ಕಿಂತ ಒಳ್ಳೆಯದೆಂದು ನಾನು ನಂಬಿದ್ದೇನೆ.

ಹೂಳುವುದೇ ಸೌಮ್ಯ ಮಾರ್ಗವೆನ್ನುವವರು ಡೆನ್ಮಾರ್ಕಿನತ್ತ ನೋಡಬೇಕು. 2020ರ ನವೆಂಬರಿನಲ್ಲಿ ಕೊರೊನಾ ಭೀತಿಯಿಂದ ಅಲ್ಲಿನ ತುಪ್ಪಳದ ಫಾರಂಗಳ ಮಿಂಕ್ ಎಂಬ ಮುಂಗುಸಿಯಂಥ ಪುಟ್ಟ ಪ್ರಾಣಿಗಳನ್ನೆಲ್ಲ ಕೊಲ್ಲಲು ಸರ್ಕಾರ ಆದೇಶಿಸಿತು. ಸುಡುವ ಸ್ಥಾವರಗಳ ಸಾಮರ್ಥ್ಯ ಸಾಲದೆ ಲಕ್ಷಾಂತರ ಕಳೇಬರಗಳನ್ನು ತರಾತುರಿಯಲ್ಲಿ ಆಳವಿಲ್ಲದ ಗುಂಡಿಗಳಲ್ಲಿ ಹೂತರು. ಕೊಳೆತು ಅನಿಲ ತುಂಬಿ ಉಬ್ಬಿದ ದೇಹಗಳು ಮಣ್ಣನ್ನು ಸೀಳಿಕೊಂಡು ಮೇಲೆದ್ದವು. ಅಂತರ್ಜಲ ಕೆಡುವ ಭಯ ಹಬ್ಬಿತು. 2021ರ ಬೇಸಿಗೆಯಲ್ಲಿ ಅವನ್ನೆಲ್ಲ ಅಗೆದು ತೆಗೆದು, ಲಾರಿಗಳಲ್ಲಿ ಹೇರಿ, ಕಸ ಸುಡುವ ಸ್ಥಾವರಗಳಿಗೇ ಸಾಗಿಸಿದರು.